ಓಲ್ಡ್ ಹೆನ್ರಿ: ಟ್ವಿಸ್ಟ್ ಅರ್ಥ ಆಗೋಕೆ ನಂಗೆ ಭಾವಮೈದ ಬೇಕಾಯ್ತು

ಭಾನುವಾರ ರಾತ್ರಿ ಊಟ ಮುಗಿಸಿ ಏನಾದ್ರೂ ನೋಡೋಣ ಅಂತ ಕೂತ್ವಿ, ಮಾಮೂಲಿನಂಗೆ ಏನ್ ನೋಡ್ಬೇಕು ಅಂತ ಹುಡುಕೋದ್ರಲ್ಲೇ ಮುಕ್ಕಾಲು ಗಂಟೆ ಹೋಯ್ತು. ನಾನು, ನನ್ ಭಾವಮೈದ, ಮತ್ತೆ ಕಣ್ಣು ತೋರಿಸ್ಕೊಳ್ಳೋಕೆ ಅಂತ ಅರಸೀಕೆರೆ ಕಡೆಯಿಂದ ಬಂದಿದ್ದ ನಮ್ಮಪ್ಪ. ಕೊನೆಗೆ ಭಾವಮೈದ "ಭಾವ, ಒಂದು ವೆಸ್ಟರ್ನ್ ಇದೆ, ಒಂದೂವರೆ ಗಂಟೆ ಚಿಲ್ಲರೆ ಅಷ್ಟೇ, ಹಾಕ್ಲಾ?" ಅಂದ. ನಂಗೂ ಕೌಬಾಯ್ ಸಿನಿಮಾಕ್ಕೂ ಅಷ್ಟಕ್ಕಷ್ಟೆ, ಟೋಪಿ ಹಾಕ್ಕೊಂಡು ಮುಖ ಗಂಟಿಕ್ಕೊಂಡು ಹತ್ತು ನಿಮಿಷ ಒಬ್ಬರನ್ನೊಬ್ರು ದುರುಗುಟ್ಟಿ ನೋಡೋದು ಅಷ್ಟೇ ತಾನೇ ಅಂತ ನನ್ ಲೆಕ್ಕ. ಆದ್ರೂ ಒಂದೂವರೆ ಗಂಟೆ ಅನ್ನೋ ಮಾತು ಕೇಳಿ ಹೂಂ ಅಂದೆ. ಈಗಿನ ಕಾಲದಲ್ಲಿ ಮೂರು ಗಂಟೆಗಿಂತ ಕಮ್ಮಿ ಇರೋ ಸಿನಿಮಾ ಅಂದ್ರೆ ಅದೇ ಒಂದು ಪುಣ್ಯ.

ಸಿನಿಮಾ ಹೆಸರು ಓಲ್ಡ್ ಹೆನ್ರಿ, 2021ರದ್ದು, 99 ನಿಮಿಷ. ಬರೆದು ಡೈರೆಕ್ಟ್ ಮಾಡಿರೋದು ಪಾಟ್ಸಿ ಪಾಂಚಿರೋಲಿ. ಮೇನ್ ಪಾತ್ರದಲ್ಲಿ ಟಿಮ್ ಬ್ಲೇಕ್ ನೆಲ್ಸನ್, ಈ ಮುಖ ನೀವು ಎಲ್ಲೋ ನೋಡೇ ಇರ್ತೀರ, ಹೀರೋ ಪಕ್ಕದಲ್ಲಿ ನಿಂತ್ಕೊಂಡು ನಗಿಸೋ ಪೆದ್ದನ ಥರದ ಪಾತ್ರಗಳಲ್ಲಿ. ಇಷ್ಟು ವರ್ಷ ಪಕ್ಕದಲ್ಲೇ ನಿಂತಿದ್ದೋನನ್ನ ತಂದು ಮಧ್ಯ ನಿಲ್ಲಿಸಿದ್ದಾರೆ. ವೆನಿಸ್ ಫಿಲ್ಮ್ ಫೆಸ್ಟಿವಲ್‌ನಲ್ಲಿ ಸ್ಪರ್ಧೆಯ ಹೊರಗಡೆ ವಿಭಾಗದಲ್ಲಿ ತೋರಿಸಿದ್ರಂತೆ, ಥಿಯೇಟರಲ್ಲಿ ಸದ್ದೇ ಮಾಡ್ಲಿಲ್ಲ, ಆಮೇಲೆ ಮನೆಯಲ್ಲಿ ಕೂತು ನೋಡೋರು ಒಬ್ರಿಂದೊಬ್ರಿಗೆ ಹೇಳಿ ಹೇಳಿ ಹಬ್ಬಿದ್ದು.

ಕಥೆ ಶುರು ಆಗೋದು 1906ರಲ್ಲಿ, ಅಮೆರಿಕದ ಒಕ್ಲಹೋಮ ಟೆರಿಟರಿ. ಆಗಿನ್ನೂ ಅದು ರಾಜ್ಯ ಆಗಿರ್ಲಿಲ್ಲ, ಮಾರನೇ ವರ್ಷ ಆಗಿದ್ದು. ಹೆನ್ರಿ ಅಂತ ಒಬ್ಬ ರೈತ, ಹೆಂಡ್ತಿ ಸತ್ತೋಗಿದ್ದಾಳೆ, ಹದಿಹರೆಯದ ಮಗ ವಯಟ್ ಜೊತೆ ಒಂಟಿ ಮನೇಲಿರ್ತಾನೆ. ಸತ್ತ ಹೆಂಡ್ತಿ ಅಣ್ತಮ್ಮ ಆಲ್ ಅನ್ನೋನು ಆಗಾಗ ಬಂದು ಹೋಗ್ತಾನೆ, ಆ ಪಾತ್ರ ಮಾಡಿರೋದು ಟ್ರೇಸ್ ಆಡ್ಕಿನ್ಸ್ ಅಂತ ಅಮೆರಿಕದ ದೊಡ್ಡ ಕಂಟ್ರಿ ಸಿಂಗರ್. (ಸಿನಿಮಾದಲ್ಲೂ ಭಾವಮೈದ, ಸೋಫಾ ಮೇಲೂ ಭಾವಮೈದ, ಸಿನಿಮಾದವನು ಕಮ್ಮಿ ಮಾತಾಡ್ತಾನೆ.) ಒಂದಿನ ಸವಾರ ಇಲ್ದೇ ಬರೀ ಕುದುರೆ ಬರುತ್ತೆ, ಜೀನಿನ ಮೇಲೆ ರಕ್ತ. ಹೆನ್ರಿ ಜಾಡು ಹಿಡ್ಕೊಂಡು ಹೋದ್ರೆ ಗುಂಡೇಟು ತಿಂದು ಬಿದ್ದಿರೋ ಒಬ್ಬ ಮನುಷ್ಯ, ಪಕ್ಕದಲ್ಲಿ ದುಡ್ಡು ತುಂಬಿದ ಚೀಲ. ಎತ್ಕೊಂಡು ಬಂದ್ರೆ ತಾಪತ್ರಯ, ಬಿಟ್ಟು ಬಂದ್ರೆ ಸಾಯ್ತಾನೆ. ಅವನ ಮುಖದಲ್ಲಿ ಆ ಲೆಕ್ಕಾಚಾರ ಓಡೋದು ಕಾಣುತ್ತೆ, ಒಂದ್ ಮಾತೂ ಇಲ್ಲ. ಕೊನೆಗೆ ತರ್ತಾನೆ, ಗಾಯಕ್ಕೆ ಆರೈಕೆ ಮಾಡ್ತಾನೆ, ಮಾಡಿ ಆ ಮನುಷ್ಯನನ್ನ ಮಂಚಕ್ಕೇ ಕಟ್ಟಾಕ್ತಾನೆ! ಅಲ್ಲಿಗೇ ನಂಗೆ ಡೌಟ್ ಬಂತು, ಯಾವ ರೈತ ಗುರೂ ಜೀವ ಉಳಿಸಿದ ಕೈಯಲ್ಲೇ ಹಗ್ಗ ಹಿಡೀತಾನೆ ಅಂತ.

ಆಮೇಲೆ ಮೂರು ಜನ ಕುದುರೆ ಮೇಲೆ ಬರ್ತಾರೆ, ಮುಂದಿರೋನು ಕೆಚಮ್ ಅಂತ, ಎದೆ ಮೇಲೆ ಬ್ಯಾಡ್ಜು, ತಾನು ಷೆರಿಫ್, ಒಬ್ಬ ಕಳ್ಳನನ್ನ ಹುಡುಕ್ತಿದ್ದೀನಿ ಅಂತಾನೆ. ಮಂಚಕ್ಕೆ ಕಟ್ಟಿರೋ ಕರ್ರಿ ಹೇಳ್ತಾನೆ, ತಾನೇ ಪೊಲೀಸು, ಅವರೇ ಕಳ್ಳರು ಅಂತ. ಯಾರ ಮಾತು ನಂಬೋದು? ಇಷ್ಟೇ ಕಥೆ. ಇದ್ರಲ್ಲಿ ನಡುವೆ ಒಂದೊಂದೇ ಸುಳಿವು ಬೀಳ್ತಾ ಹೋಗುತ್ತೆ, ಈ ಮುದುಕ ಹುಟ್ಟಾ ರೈತ ಅಲ್ಲ, ಎಂಥದೋ ಹಳೇ ಲೆಕ್ಕ ಇಟ್ಕೊಂಡು ಇಲ್ಲಿ ಬಂದು ಅಡಗಿದ್ದಾನೆ ಅಂತ.

ಈಗ ನೀವು ಅಂದ್ಕೊಂಡಿರ್ತೀರ, ಇದು ನಮಗೆ ಹೊಸದಾ ಮಾರಾಯ ಅಂತ. ಆಟೋ ಓಡಿಸ್ಕೊಂಡು ತಂಗಿ ಮದುವೆ ಮಾಡೋ ಸಾಧು ಮನುಷ್ಯ, ಇಂಟರ್ವಲ್‌ಗೆ ಸರಿಯಾಗಿ ನೋಡಿದ್ರೆ ಮುಂಬೈ ಡಾನು. ನಮ್ಮಲ್ಲಿ ಆ ಸೀನಿಗೆ ಸಿಳ್ಳೆ ಹೊಡ್ದು ಹೊಡ್ದು ನಾಲ್ಗೆ ಒಣಗಿದೆ. ವ್ಯತ್ಯಾಸ ಏನಪ್ಪಾ ಅಂದ್ರೆ ನಮ್ಮಲ್ಲಿ ಆ ಗುಟ್ಟು ಪೋಸ್ಟರಲ್ಲೇ ಗೊತ್ತಿರುತ್ತೆ, ಸ್ಟಾರ್ ಸುಮ್ನೆ ಏಟು ತಿಂತಿದ್ದಾನೆ ಅಂದ್ರೆ ಇನ್ನರ್ಧ ಗಂಟೇಲಿ ವಾಪಸ್ ಕೊಡ್ತಾನೆ ಅಂತ ಮಗುಗೂ ಗೊತ್ತು. ಇಲ್ಲಿ ನೆಲ್ಸನ್ ಅನ್ನೋ ಸಣಕಲು ಮನುಷ್ಯ, ಬಾಡಿದ ಮುಖ, ಜೋತುಬಿದ್ದ ಟೋಪಿ, ಇವನು ಡೇಂಜರ್ ಅಂದ್ರೆ ನಂಬೋಕೆ ನಮ್ಮ ಕಣ್ಣೇ ಒಪ್ಪಲ್ಲ. ಅದೇ ಈ ಸಿನಿಮಾದ ಬಂಡವಾಳ. ದೊಡ್ಡ ಸ್ಟಾರ್ ಹಾಕೋಕೆ ಇವರ ಹತ್ರ ದುಡ್ಡಿರ್ಲಿಲ್ವೋ ಬೇಕಂತಲೇ ಹಾಕ್ಲಿಲ್ವೋ, ಎರಡರಲ್ಲಿ ಯಾವುದಾದ್ರೂ ಸರಿ, ಸ್ಟಾರ್ ಬಂದಿದ್ರೆ ಸಿನಿಮಾ ಅಲ್ಲೇ ಕೆಟ್ಟಿರೋದು.

ದುಡ್ಡಿನ ವಿಷ್ಯ ಬಂತಲ್ಲ, ಅದನ್ನೇ ಸ್ವಲ್ಪ ಹೇಳ್ಬಿಡ್ತೀನಿ, ಯಾಕಂದ್ರೆ ನಂಗೆ ಅತೀ ಖುಷಿ ಕೊಟ್ಟಿದ್ದು ಇದೇ. ವೆಸ್ಟರ್ನ್ ಅಂದ್ರೆ ಸಾಮಾನ್ಯವಾಗಿ ಒಂದು ಇಡೀ ಬೀದಿ ಕಟ್ಬೇಕು, ಸಲೂನು, ಬ್ಯಾಂಕು, ಜೈಲು, ರೈಲು, ನೂರಾರು ದನ, ಹತ್ತಿಪ್ಪತ್ತು ಸ್ಟಂಟ್‌ನೋರು. ಇವರು ಅದ್ಯಾವುದೂ ಬೇಡ ಅಂತ ಕೈ ಬಿಟ್ಟಿದ್ದಾರೆ. ಹೆಚ್ಚುಕಮ್ಮಿ ಒಂದೇ ಮನೆ, ಅದರ ಸುತ್ತ ಗುಡ್ಡ, ಆಳೆತ್ತರ ಹುಲ್ಲು, ಬೆರಳೆಣಿಕೆ ನಟರು. ಶೂಟಿಂಗ್ ಮಾಡಿರೋದೂ ಒಕ್ಲಹೋಮದಲ್ಲಲ್ಲ, ಟೆನಿಸಿ ರಾಜ್ಯದ ವಾಟರ್‌ಟೌನ್ ಅನ್ನೋ ಊರ ಹತ್ರ. ಮರಳುಗಾಡು, ಕಳ್ಳಿ, ಕೆಂಪು ಬಂಡೆ ಅಂತ ಕಾಯ್ತಾ ಕೂತ್ರೆ ನಿರಾಸೆ ಆಗುತ್ತೆ, ಮೋಡ ಮುಚ್ಚಿದ ಆಕಾಶದ ಕೆಳಗೆ ಹಸಿರು ಹುಲ್ಲು ಅಷ್ಟೇ. ಆದ್ರೆ ಹಿಂಗೆ ಒಂದೇ ಜಾಗದಲ್ಲಿ ಇದ್ದಿದ್ದಕ್ಕೆ ಆಗಿರೋ ಲಾಭ ಏನು ಅಂದ್ರೆ, ಕೊನೆಗೆ ಗುಂಡಿನ ಕಾಳಗ ಶುರು ಆಗೋ ಹೊತ್ತಿಗೆ ಆ ಮನೆ, ಅಂಗಳ, ಹುಲ್ಲು ಎಲ್ಲಾ ನಮಗೆ ನಮ್ಮನೆ ಹಿತ್ತಲಿನಷ್ಟೇ ಪರಿಚಯ ಆಗ್ಬಿಟ್ಟಿರುತ್ತೆ. ಯಾರು ಯಾವ ಕಡೆಯಿಂದ ಬರ್ತಾನೆ ಅಂತ ನಾವೇ ಲೆಕ್ಕ ಹಾಕ್ತಾ ಕೂರ್ತೀವಿ. ಕೋಟಿ ಕೋಟಿ ಸುರಿದು ಸೆಕೆಂಡಿಗೆ ನಾಲ್ಕು ಕಟ್ ಹಾಕಿ ಯಾರು ಯಾರಿಗೆ ಹೊಡೀತಿದ್ದಾರೆ ಅಂತಾನೇ ಗೊತ್ತಾಗದಂಗೆ ಮಾಡೋ ಫೈಟುಗಳ ಮುಂದೆ ಇದು ಎಷ್ಟೋ ವಾಸಿ.

ಒಂದು ಸೀನು ಹೇಳ್ಲೇಬೇಕು. ಕೆಚಮ್ ಮೊದಲ ಸಲ ಮನೆ ಹತ್ರ ಬಂದಾಗ. ಅವನು ಕುದುರೆ ಮೇಲೆ, ಹೆನ್ರಿ ನೆಲದ ಮೇಲೆ. ಸ್ಟೀಫನ್ ಡಾರ್ಫ್ ಆ ಪಾತ್ರ ಮಾಡಿರೋದು, ಬೆಣ್ಣೆಯಿಂದ ಕೂದಲು ತೆಗೆದಂಗೆ ಮಾತಾಡ್ತಾನೆ, ನಗ್ತಾನೆ, ಮರ್ಯಾದೆ ಕೊಡ್ತಾನೆ, ಪ್ರತಿ ಮಾತಿನ ಹಿಂದೆ ಒಂದು ಕೊಕ್ಕೆ. ಈ ಕಡೆ ಹೆನ್ರಿ ಎರಡು ಮಾತಿಗೆ ಒಂದು ಉತ್ರ, ಅದೂ ಅರ್ಧ. ಒಳಗೆ ಬನ್ನಿ ಅನ್ನಲ್ಲ. ಯಾರೂ ಗನ್ ತೆಗಿಯಲ್ಲ, ದನಿ ಏರಿಸಲ್ಲ, ಬರೀ ಮಾತು. ನಾನು ಮಾತ್ರ ಕೈಯಲ್ಲಿದ್ದ ಕಡ್ಲೇಕಾಯಿ ಬಿಡಿಸೋದು ಮರೆತು ಕೂತಿದ್ದೆ. ಹಳ್ಳೀಲಿ ಬೆಳೆದೋರಿಗೆ ಈ ಸೀನು ಇನ್ನೂ ಚೆನ್ನಾಗಿ ಅರ್ಥ ಆಗುತ್ತೆ. ಗೊತ್ತಿಲ್ದೋರು ಜಗುಲಿ ಹತ್ರ ಬಂದು ನಿಂತಾಗ ಮನೆ ಯಜಮಾನ ಒಂಥರಾ ನಿಲ್ತಾನಲ್ಲ, ಬಾಗಿಲಿಗೆ ಅಡ್ಡವಾಗಿ, ಅಡ್ಡ ನಿಂತಿದ್ದೀನಿ ಅಂತ ತೋರಿಸ್ಕೊಳ್ದೇ, ಆ ನಿಲುವು. ನಮ್ಮಪ್ಪನೂ ಹಂಗೇ ನಿಲ್ತಾ ಇದ್ದಿದ್ದು, ಸೊಸೈಟಿ ಸಾಲದೋರು ಬಂದಾಗ.

ಅಪ್ಪನಿಗೆ ಇಂಗ್ಲಿಷ್ ಬರಲ್ಲ, ಆದ್ರೂ ಅರ್ಧ ಸಿನಿಮಾ ಕಣ್ಣು ಕೀಳ್ದೇ ನೋಡಿದ್ರು. "ಇಷ್ಟ್ ಹುಲ್ಲು ಸುಮ್ನೆ ಬಿಟ್ಟವ್ರಲ್ಲೋ" ಅಂದ್ರು ಒಂದ್ಸಲ. ಆಮೇಲೆ ಮಗ ಅಪ್ಪನ ಮೇಲೆ ಮುನಿಸ್ಕೊಂಡು ಎದುರು ಮಾತಾಡೋ ಸೀನಲ್ಲಿ ನನ್ ಕಡೆ ತಿರುಗಿ ನೋಡಿದ್ರು, ಏನೂ ಅನ್ಲಿಲ್ಲ. ನಾನು ಸೌಂಡ್ ಜಾಸ್ತಿ ಮಾಡೋ ನೆಪದಲ್ಲಿ ರಿಮೋಟ್ ಹುಡುಕಿದೆ.

ಆ ಮಗನ ವಿಷ್ಯ. ಗ್ಯಾವಿನ್ ಲೂಯಿಸ್ ಅಂತ ಹುಡುಗ ಮಾಡಿರೋದು. ಅವನ ದೂರು ಏನಂದ್ರೆ ಅಪ್ಪ ಗನ್ ಮುಟ್ಟೋಕೆ ಬಿಡಲ್ಲ, ಹೊರಗೆ ಕಳ್ಸಲ್ಲ, ಅಪ್ಪ ಅಂದ್ರೆ ಪುಕ್ಕಲ, ಈ ಹೊಲದಲ್ಲೇ ತನ್ನನ್ನೂ ಹೂತಾಕ್ತಾನೆ ಅಂತ. ದೂರು ನಿಜಾನೇ, ಆದ್ರೆ ಬರವಣಿಗೆಯಲ್ಲಿ ಅದನ್ನ ನಾಲ್ಕು ಸಲ ಹೇಳ್ಸಿದ್ದಾರೆ, ಎರಡು ಸಲ ಸಾಕಿತ್ತು. ಏನ್ ಹೇಳಿದ್ರೂ ಉಲ್ಟಾ ಮಾಡ್ತಾನೆ, ನೋಡೋವಾಗ ಎರಡು ಬಿಡ್ಬೇಕು ಅನ್ಸುತ್ತೆ. ಇನ್ನೊಂದು ಕೊರತೆ ಅಂದ್ರೆ ಹೆಂಗಸ್ರು ಪತ್ತೇನೇ ಇಲ್ಲ, ಹೆಂಡ್ತಿ ಇರೋದು ಸಮಾಧಿಯಾಗಿ ಮಾತ್ರ. ವಿಲನ್ನಿಗೂ ಮಾತು ಸ್ವಲ್ಪ ಅತಿಯಾಯ್ತು, ಮೊದಲ ಸೀನಲ್ಲೇ ಅವನು ಎಂಥ ಪಾಪಿ ಅಂತ ತೋರಿಸ್ಬಿಟ್ಟಿದ್ದಾರೆ, ಹಂಗಾಗಿ ಬ್ಯಾಡ್ಜ್ ಅಸಲಿನಾ ನಕಲಿನಾ ಅನ್ನೋ ಸಸ್ಪೆನ್ಸ್ ಹೆನ್ರಿಗಿರ್ಬಹುದು, ನಮಗೆ ಅಷ್ಟಿರಲ್ಲ. ಅಂದಹಾಗೆ ಕೆಚಮ್, ಕರ್ರಿ ಇವೆಲ್ಲಾ ಆ ಕಾಲದ ನಿಜವಾದ ದರೋಡೆಕೋರರ ಹೆಸರುಗಳು. ಬ್ಲ್ಯಾಕ್ ಜ್ಯಾಕ್ ಕೆಚಮ್ ಅನ್ನೋನನ್ನ 1901ರಲ್ಲಿ ನ್ಯೂ ಮೆಕ್ಸಿಕೋದಲ್ಲಿ ನೇಣಿಗೆ ಹಾಕಿದಾಗ ತಲೆಯೇ ಬೇರೆ ಆಗಿ ಬಿದ್ದಿತ್ತು. ಡೈರೆಕ್ಟ್ರು ಇತಿಹಾಸದ ಪುಸ್ತಕ ಪಕ್ಕದಲ್ಲಿಟ್ಕೊಂಡೇ ಹೆಸರಿಟ್ಟಿದ್ದಾರೆ.

ಈಗ ಅಸಲಿ ವಿಷ್ಯಕ್ಕೆ ಬರೋಣ, ಇಲ್ಲಿಂದ ಸ್ಪಾಯ್ಲರ್. ಸಿನಿಮಾ ನೋಡ್ಬೇಕು ಅಂತಿದ್ರೆ ಇಲ್ಲೇ ನಿಲ್ಲಿಸಿ ನೋಡ್ಕೊಂಡ್ ಬನ್ನಿ. ಆದ್ರೆ ನನ್ನ ಪ್ರಾಮಾಣಿಕ ಅಭಿಪ್ರಾಯ ಕೇಳಿದ್ರೆ ನಮ್ಮಂಥೋರು ಇದನ್ನ ತಿಳ್ಕೊಂಡೇ ನೋಡೋದು ವಾಸಿ. ಯಾಕಂದ್ರೆ ನಂಗೆ ಆಗಿದ್ದು ಹಿಂಗೆ: ಹೆನ್ರಿಯ ನಿಜವಾದ ಹೆಸರು ಬಾಯಿಗೆ ಬಂತು, ಅಲ್ಲಿದ್ದೋರೆಲ್ಲಾ ಬೆಚ್ಚಿಬಿದ್ರು, ಭಾವಮೈದ "ಅಯ್ಯಪ್ಪಾ!" ಅಂತ ಸೋಫಾದಿಂದ ಎದ್ದ, ನಾನು "ಯಾರದು?" ಅಂದೆ. ಪಾಪ ಅವನು ಸಿನಿಮಾ ನಿಲ್ಲಿಸಿ ಹತ್ತು ನಿಮಿಷ ಪಾಠ ಮಾಡ್ಬೇಕಾಯ್ತು. ಕ್ಲೈಮ್ಯಾಕ್ಸ್‌ನ ಬಿಸಿ ಅಲ್ಲೇ ಅರ್ಧ ಆರಿತು.

ಹೆನ್ರಿ ಬೇರೆ ಯಾರೂ ಅಲ್ಲ, ಬಿಲ್ಲಿ ದ ಕಿಡ್. ಹೆಸರು ಕೇಳಿರ್ತೀವಿ, ಕಥೆ ಗೊತ್ತಿರಲ್ಲ, ಹಂಗಾಗಿ ಚಿಕ್ಕದಾಗಿ ಹೇಳ್ತೀನಿ. ಅವನ ಹುಟ್ಟು ಹೆಸರೇ ಹೆನ್ರಿ ಮೆಕಾರ್ಟಿ, ಅಂದ್ರೆ ಸಿನಿಮಾದ ಟೈಟಲ್ಲಲ್ಲೇ ಗುಟ್ಟು ಇಟ್ಟಿದ್ದಾರೆ, ಅಮೆರಿಕದ ಇತಿಹಾಸ ಓದಿದೋರು ಅಲ್ಲೇ ಹಿಡೀಬಹುದಿತ್ತು. ಆಮೇಲೆ ವಿಲಿಯಂ ಬಾನಿ ಅಂತ ಹೆಸರು ಬದಲಾಯಿಸ್ಕೊಂಡ. ನ್ಯೂ ಮೆಕ್ಸಿಕೋದ ಲಿಂಕನ್ ಕೌಂಟಿಯಲ್ಲಿ 1878ರಲ್ಲಿ ವ್ಯಾಪಾರಿಗಳ ಎರಡು ಗುಂಪಿನ ನಡುವೆ ದೊಡ್ಡ ಜಗಳ ಆಯ್ತು, ಇವನು ಕೆಲಸಕ್ಕಿದ್ದ ಟನ್‌ಸ್ಟಾಲ್ ಅನ್ನೋ ಇಂಗ್ಲಿಷ್ ಧಣಿಯನ್ನ ಕೊಂದ್ರು, ಅಲ್ಲಿಂದ ಇವನು ಸೇಡು ಅಂತ ಹೊರಟ. ಸಿಕ್ಕಿಬಿದ್ದು ನೇಣು ಶಿಕ್ಷೆ ಆದ್ಮೇಲೆ 1881ರ ಏಪ್ರಿಲ್ 28ಕ್ಕೆ ಇಬ್ಬರು ಕಾವಲಿನೋರನ್ನ ಕೊಂದು ಲಿಂಕನ್ ಕೋರ್ಟ್ ಕಟ್ಟಡದಿಂದ ತಪ್ಪಿಸ್ಕೊಂಡ. ಷೆರಿಫ್ ಪ್ಯಾಟ್ ಗ್ಯಾರೆಟ್ ಬೆನ್ನು ಹತ್ತಿದ. ಅದೇ ವರ್ಷ ಜುಲೈ 14ರ ರಾತ್ರಿ ಫೋರ್ಟ್ ಸಮ್ನರ್‌ನಲ್ಲಿ ಮ್ಯಾಕ್ಸ್‌ವೆಲ್ ಅನ್ನೋನ ಮಲಗೋ ಕೋಣೆ, ಒಳಗೆ ಕತ್ತಲು, ಗ್ಯಾರೆಟ್ ಆಗಲೇ ಒಳಗೆ ಕೂತಿದ್ದಾನೆ, ಹುಡುಗ ಬಂದು ಸ್ಪ್ಯಾನಿಷಲ್ಲಿ "ಯಾರದು?" ಅಂತ ಕೇಳಿದ್ನಂತೆ, ಗುಂಡು ಹಾರಿತು, ಮುಗೀತು. ವಯಸ್ಸು ಇಪ್ಪತ್ತೊಂದರ ಆಸುಪಾಸು. (ನಾನೂ ಅದೇ ಪ್ರಶ್ನೆ ಕೇಳಿದ್ದು ಅಂತ ಭಾವಮೈದ ಇಡೀ ರಾತ್ರಿ ಆಡ್ಕೊಂಡ.)

ಕತ್ತಲ ಕೋಣೆ, ಅಷ್ಟು ಹೊತ್ತಲ್ಲಿ ನೋಡ್ದೋರು ಕಮ್ಮಿ, ಹಂಗಾಗಿ ಸತ್ತಿದ್ದು ಅವನಲ್ಲ, ಗ್ಯಾರೆಟ್ಟೇ ಬಿಟ್ಟು ಕಳಿಸಿದ ಅಂತ ಗಾಳಿಸುದ್ದಿ ಅಲ್ಲಿಂದಲೇ ಶುರು. 1950ರಲ್ಲಿ ಟೆಕ್ಸಾಸಿನ ಬ್ರಷಿ ಬಿಲ್ ರಾಬರ್ಟ್ಸ್ ಅನ್ನೋ ಮುದುಕ ತಾನೇ ಬಿಲ್ಲಿ, ಕ್ಷಮಾದಾನ ಕೊಡಿ ಅಂತ ನ್ಯೂ ಮೆಕ್ಸಿಕೋ ಗವರ್ನರ್ ಹತ್ರ ಹೋಗಿದ್ದ. ಗವರ್ನರ್ ನಂಬ್ಲಿಲ್ಲ, ಮುದುಕ ಅದೇ ವರ್ಷ ತೀರ್ಕೊಂಡ. ಫೋರ್ಟ್ ಸಮ್ನರ್‌ನಲ್ಲಿರೋ ಬಿಲ್ಲಿ ಸಮಾಧಿ ಕಲ್ಲನ್ನೇ ಕದ್ದಿದ್ರು ಜನ, ಅದಕ್ಕೇ ಈಗ ಸಮಾಧಿಗೆ ಕಬ್ಬಿಣದ ಪಂಜರ ಹಾಕಿದ್ದಾರೆ. ಅವನ ಒಂದು ಫೋಟೋ 2011ರಲ್ಲಿ ಹರಾಜಿಗೆ ಬಂದು 23 ಲಕ್ಷ ಡಾಲರಿಗೆ ಹೋಯ್ತು. ಆ ಫೋಟೋದ್ದೇ ಒಂದು ತಮಾಷೆ. ತಗಡಿನ ಮೇಲೆ ತೆಗಿಯೋ ಹಳೇ ಕಾಲದ ಫೋಟೋ, ಕನ್ನಡಿಯಲ್ಲಿ ಕಂಡಂಗೆ ಎಡ ಬಲ ಅದಲು ಬದಲು, ಅದನ್ನ ನೋಡಿ ದಶಕಗಟ್ಟಲೆ ಜನ ಇವನನ್ನ ಎಡಚ ಅಂತ ನಂಬಿದ್ರು. ಸೊಂಟದ ಗನ್ ಎಡಕ್ಕೆ ಕಾಣುತ್ತಲ್ಲ, ಅಷ್ಟಕ್ಕೇ.

ಇಷ್ಟು ಗೊತ್ತಿದ್ರೆ ಸಿನಿಮಾ ಬೇರೆ ಥರಾನೇ ಕಾಣುತ್ತೆ. ನಾನು ಬುಧವಾರ ರಾತ್ರಿ ಒಬ್ಬನೇ ಎರಡನೇ ಸಲ ನೋಡಿದೆ. ಆಗ ಗೊತ್ತಾಯ್ತು, ಮಗನಿಗೆ ಗನ್ ಕೊಡದ ಅಪ್ಪ ಯಾಕೆ ಹಂಗಾಡ್ತಾನೆ ಅಂತ. ಮಗನ ವಯಸ್ಸಲ್ಲಿ ಇವನ ಕೈಗೆ ಗನ್ ಬಂದಿತ್ತು, ಇಪ್ಪತ್ತೊಂದಕ್ಕೆ ಇವನ ತಲೆ ಮೇಲೆ ಬಹುಮಾನ ಇತ್ತು. ಮೊದಲ ಸಲ ನೋಡ್ದಾಗ ಸಿಡುಕು ಅನ್ಸಿದ ಮುಖ ಎರಡನೇ ಸಲಕ್ಕೆ ಭಯ ಅನ್ಸಿತು, ಅದೂ ಮಗ ತನ್ನಂಗೇ ಆಗ್ಬಿಟ್ರೆ ಅನ್ನೋ ಭಯ. ನೆಲ್ಸನ್ ಎರಡಕ್ಕೂ ಒಂದೇ ಮುಖ ಇಟ್ಕೊಂಡಿದ್ದಾನೆ, ಅದೇನು ಸುಲಭದ ಕೆಲಸ ಅಲ್ಲ ಕಣ್ರೀ. ಆ ಮನುಷ್ಯ ಹುಟ್ಟಿದ್ದೇ ಒಕ್ಲಹೋಮದ ಟಲ್ಸಾದಲ್ಲಿ, ಆ ಕಡೆ ರೈತರ ಮಾತಿನ ಎಳೆತ ಕಷ್ಟಪಟ್ಟು ಕಲಿತಂಗೆ ಕೇಳ್ಸಲ್ಲ.

ಲೆಕ್ಕ ಹಾಕಿದ್ರೆ ಒಂದು ಸಣ್ಣ ಎಡವಟ್ಟು ಇದೆ. 1859ರ ಸುಮಾರಿಗೆ ಹುಟ್ಟಿದೋನಿಗೆ 1906ರಲ್ಲಿ ನಲವತ್ತೇಳು ಇರ್ಬೇಕು, ನೆಲ್ಸನ್ ಮುಖ ಅರವತ್ತರ ಹತ್ರ ಕಾಣುತ್ತೆ. ಭಾವಮೈದ ಇದನ್ನ ದೊಡ್ಡ ತಪ್ಪು ಅಂತ ವಾದ ಮಾಡಿದ. ನಾನು ಒಪ್ಪಲ್ಲ. ಬಿಸಿಲಲ್ಲಿ ಇಪ್ಪತ್ತೈದು ವರ್ಷ ಹೊಲ ಮಾಡಿದೋರ ಮುಖ ನೋಡಿದ್ದೀನಿ ನಾನು, ಪಕ್ಕದ ಸೋಫಾದಲ್ಲೇ ಒಬ್ರು ಬಾಯಿ ಬಿಟ್ಕೊಂಡು ನಿದ್ದೆ ಹೊಡೀತಿದ್ರು. ಇನ್ನೊಂದು ವಿಷ್ಯ ನಂಗೆ ಆಮೇಲೆ ಹೊಳೀತು, ಕಥೆ ನಡೆಯೋ 1906ರಲ್ಲಿ ನಿಜವಾದ ಪ್ಯಾಟ್ ಗ್ಯಾರೆಟ್ ಇನ್ನೂ ಬದುಕಿದ್ದ, ಅವನನ್ನೂ ಗುಂಡಿಟ್ಟು ಕೊಂದಿದ್ದು 1908ರ ಫೆಬ್ರವರಿ 29ಕ್ಕೆ. ಅಂದ್ರೆ ಸಿನಿಮಾದ ಲೆಕ್ಕದಲ್ಲಿ ಗುಟ್ಟು ಗೊತ್ತಿದ್ದ ಇಬ್ಬರೂ ಜೀವಂತ, ಒಬ್ಬ ಇಲ್ಲಿ ಹುಲ್ಲಿನ ಮಧ್ಯ, ಇನ್ನೊಬ್ಬ ಎಲ್ಲೋ ಸಾಲ ಮಾಡ್ಕೊಂಡು ಒದ್ದಾಡ್ತಾ. ಅದರ ಮೇಲೇ ಇನ್ನೊಂದು ಸಿನಿಮಾ ಮಾಡ್ಬಹುದು.

ಕ್ಲೈಮ್ಯಾಕ್ಸ್ ಫೈಟ್ ಬಗ್ಗೆ ಜಾಸ್ತಿ ಹೇಳಲ್ಲ. ಆ ಕಾಲದ ಎಷ್ಟೋ ರಿವಾಲ್ವರ್‌ಗಳಿಗೆ ಪ್ರತಿ ಗುಂಡಿಗೂ ಹೆಬ್ಬೆರಳಲ್ಲಿ ಹಿಂದಿನ ಹ್ಯಾಮರ್ ಎಳೀಬೇಕು, ಆರು ಗುಂಡು, ಆಮೇಲೆ ಒಂದೊಂದಾಗಿ ತುಂಬ್ಬೇಕು. ಅದಕ್ಕೇ ಇಲ್ಲಿ ಅವಸರ ಮಾಡಿದೋನು ಸಾಯ್ತಾನೆ. ಹೆನ್ರಿ ಆ ಹುಲ್ಲಿನಲ್ಲಿ ಹೋಗೋ ರೀತಿ ನೋಡ್ಬೇಕು, ಅಷ್ಟೊತ್ತು ಬೆನ್ನು ಬಗ್ಗಿಸ್ಕೊಂಡಿದ್ದ ಮುದುಕ, ಈಗ ಅದೇ ಬಗ್ಗಿದ ಬೆನ್ನು ಬೇಟೆ ಪ್ರಾಣಿದು ಅನ್ಸುತ್ತೆ. ಸ್ಲೋ ಮೋಷನ್ ಬಿಲ್ಡಪ್ ಇಲ್ಲ, ಹಿಂದೆ ಕೋರಸ್ ಹಾಡು ಇಲ್ಲ. ಇಂಥ ಜಾಗದಲ್ಲೇ ನಾನು ಬಾಡಿಗೆ ಕೊಟ್ಟು ನೋಡ್ತಿದ್ದ ಆ್ಯಪ್ ಗಿರಗಿರ ಅಂತ ಸುತ್ತೋಕೆ ಶುರು ಮಾಡ್ತು, ಸಬ್‌ಟೈಟಲ್ ಬೇರೆ ನಾಲ್ಕು ಸೆಕೆಂಡ್ ಮುಂದೆ ಓಡ್ತಿತ್ತು, ಕೆಚಮ್ ಬಾಯಿ ಬಿಡೋಕ್ ಮುಂಚೆನೇ ಅವನೇನ್ ಹೇಳ್ತಾನೆ ಅಂತ ನಮಗೆ ಗೊತ್ತು. ದುಡ್ಡು ಕೊಟ್ಟು ಈ ಕರ್ಮ. ರಾತ್ರಿ ಹೊತ್ತಿನ ಸೀನುಗಳು ಸಿಕ್ಕಾಪಟ್ಟೆ ಕತ್ತಲು, ಮೊಬೈಲಲ್ಲಿ ನೋಡಿದ್ರೆ ನಿಮ್ಮ ಮುಖವೇ ಕಾಣುತ್ತೆ, ಲೈಟ್ ಆರಿಸಿ ಟಿವೀಲಿ ನೋಡಿ.

ಕೊನೇ ಹತ್ತು ನಿಮಿಷ ಏನಾಗುತ್ತೆ ಅಂತ ನಾನು ಬಾಯಿ ಬಿಡಲ್ಲ, ಟ್ವಿಸ್ಟ್ ಹೇಳಿದ್ದೇ ಜಾಸ್ತಿ ಆಯ್ತು. ಐದಕ್ಕೆ ನಾಲ್ಕು ಕೊಡ್ತೀನಿ, ಅರ್ಧ ಮಗನ ಗೊಣಗಾಟಕ್ಕೆ ಕಟ್, ಇನ್ನರ್ಧ ವಿಲನ್ ಭಾಷಣಕ್ಕೆ. ರಕ್ತ ಇದೆ, ಹಿಂಸೆ ಕೊಡೋ ಸೀನೂ ಇದೆ, ಮಕ್ಕಳನ್ನ ಮಲಗಿಸಿ ಹಾಕಿ. ಮೊದಲರ್ಧ ನಿಧಾನ, ಫೋನ್ ನೋಡ್ತಾ ನೋಡಿದ್ರೆ ಏನೂ ದಕ್ಕಲ್ಲ.

ಮಾರನೇ ದಿನ ಬೆಳಿಗ್ಗೆ ಕಾಫಿ ಕುಡೀತಾ ನಾನೂ ಭಾವಮೈದನೂ ಇನ್ನೂ ಗ್ಯಾರೆಟ್ ಬಿಟ್ಟು ಕಳಿಸಿದ್ದು ನಂಬೋ ಹಂಗಿದೆಯಾ ಇಲ್ವಾ ಅಂತ ಕಿತ್ತಾಡ್ತಿದ್ವಿ. ಅಪ್ಪ ಪೇಪರ್ ಮಡಚಿಟ್ಟು ಕೇಳಿದ್ರು, "ಮೊದ್ಲು ಒಂದು ಕುದುರೆ ಬಂತಲ್ಲ, ರಕ್ತ ಮೆತ್ಕೊಂಡು, ಅದೇನಾಯ್ತೋ?" ಇಬ್ರೂ ಮುಖ ಮುಖ ನೋಡ್ಕೊಂಡ್ವಿ. ಬುಧವಾರ ಎರಡನೇ ಸಲ ನೋಡೋವಾಗಲೂ ಅದನ್ನ ಗಮನಿಸೋಕೆ ಮರ್ತೆ.